ಯಂತ್ರದ ಕೈ ಹಿಡಿದ ವೆಲ್ಡರ್

ತಮಿಳುನಾಡಿನ ಶಂಕಗಿರಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ನಾನು ಬೆಸುಗೆ ಪರೀಕ್ಷಿಸುವ ಕೆಲಸಕ್ಕಿದ್ದೆ. ಅಲ್ಲಿ ಒಬ್ಬ ಹಿರಿಯ ವೆಲ್ಡರ್ ಇದ್ದರು. ನಮ್ಮಿಬ್ಬರ ಮನೆಮಾತೂ ಕನ್ನಡವಾದ್ದರಿಂದ ನನ್ನನ್ನು ‘ಅವ್ವಾ’ ಎಂದೇ ಕರೆಯುತ್ತಿದ್ದರು. ಬೆಸೆಯುತ್ತಾ ಮೂಲೆಗೆ ಬಂದಾಗ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಯಾಕೆಂದು ಕೇಳಿದರೆ, “ಕರಗಿದ ಕಬ್ಣ ಮೂಲೆ ತುಂಬ್ಲಿ” ಎನ್ನುವುದೊಂದೇ ಉತ್ತರ.

ಹೋದ ವರ್ಷ ಶೆಡ್ಡಿಗೆ ರೋಬೋಟ್ ಕೈ ಬಂತು. ಒಮ್ಮೆ ಅದನ್ನು ಹಿಡಿದು ನಡೆಸಿದರೆ ಸಾಕು, ಆ ದಾರಿಯನ್ನು ನೆನಪಿಟ್ಟುಕೊಂಡು ತಾನೇ ಬೆಸೆಯುತ್ತದೆ ಎಂದು ಇಂಜಿನಿಯರ್ ಹೇಳಿದರು. ಉಳಿದ ವೆಲ್ಡರುಗಳು ಹಿಂದೆ ಸರಿದರು.

“ಅಣ್ಣಾ, ನೀವ್ ಕಲ್ಸಿದ್ರೆ ನಮ್ ಕೆಲ್ಸ ಓಯ್ತದೆ” ಎಂದ ಅವರಲ್ಲಿ ಕನ್ನಡ ಬಲ್ಲ ಒಬ್ಬ.

“ಅದು ತಪ್ಪಾಗಿ ಕಲ್ತ್ರೆ ಲಾರಿ ಓಡ್ಸೋರ ಗತಿ ಏನ್ಲಾ?” ಎನ್ನುತ್ತಾ ಇವರು ಯಂತ್ರದ ಮಣಿಕಟ್ಟು ಹಿಡಿದು ನಡೆಸಿದರು.

ಮೂಲೆಗೆ ಬಂದಾಗ ಅವರ ಕೈಯೂ ಯಂತ್ರದ ಕೈಯೂ ಒಂದು ಕ್ಷಣ ನಿಂತವು. ಇಂಜಿನಿಯರ್ ಯಂತ್ರದ ನೆನಪಿನಿಂದ ಆ ನಿಲುಗಡೆಯನ್ನು ಅಳಿಸಲು ಹೊರಟಾಗ, “ಇರುಕ್ಕಟ್ಟುಂ ಸಾರ್”, ಇರಲಿ ಬಿಡಿ ಎಂದು ತಮಿಳಿನಲ್ಲಿ ಹೇಳಿ ಉಳಿಸಿಕೊಂಡರು.

ಮರುದಿನ ನನ್ನ ಮೇಜಿಗೆ ಎರಡು ತುಂಡುಗಳು ಬಂದವು. ಒಂದನ್ನು ಬೆಸೆದವರು ಅವರು, ಇನ್ನೊಂದನ್ನು ಬೆಸೆದದ್ದು ಯಂತ್ರ. ಎರಡೂ ಪರೀಕ್ಷೆಯಲ್ಲಿ ಪಾಸಾದವು. ಯಾವುದು ಯಾರದೆಂದು ತಿಳಿಯದೆ ಅವರನ್ನೇ ಕರೆದು ಕೇಳಿದೆ. ಕನ್ನಡಕ ಏರಿಸಿ, ಬೆರಳಾಡಿಸಿ, ಬಹಳ ಹೊತ್ತು ನೋಡಿದರು.

“ನಂಗೂ ಗೊತ್ತಾಗ್ಲಿಲ್ಲ ಕಣವ್ವಾ.”

ಸೋತೆನೆಂದು ಹೇಳುವವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಎರಡು ತುಂಡುಗಳನ್ನೂ ಎತ್ತಿಕೊಂಡು, ಉಳಿದವರಿಗೆ ತೋರಿಸಲು ಅವರು ಶೆಡ್ಡಿನೊಳಗೆ ನಡೆದರು.