ಕಾರಕೂನರ ಎಂಟನೆಯ ಕಾದಂಬರಿ

ಪ್ಲೇಗಿಗೆ ಹೆದರಿ ಬೈಲಹೊಂಗಲದ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಸವದತ್ತಿಯ ಕಾರಕೂನರು ತೀರಿಕೊಂಡರು. ಫೌಜದಾರ ಕಚೇರಿಯ ಬರವಣಿಗೆ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಒಬ್ಬನೇ ಪತ್ತೇದಾರನನ್ನಿಟ್ಟುಕೊಂಡು ಏಳು ಕಾದಂಬರಿ ಬರೆದಿದ್ದರು. ಎಂಟನೆಯದು ಅರ್ಧಕ್ಕೆ ನಿಂತಿತ್ತು. ನಾನಾಗ ಬೈಲಹೊಂಗಲದ ಕನ್ನಡ ಶಾಲೆಯ ಮಾಸ್ತರ, ಧಾರವಾಡದ ಮುದ್ರಕರೊಬ್ಬರ ಮಾಸಿಕಕ್ಕೆ ಆಗಾಗ ಕಥೆ ಕಳಿಸುತ್ತಿದ್ದೆ. ಕಾರಕೂನರ ಪುಸ್ತಕಗಳನ್ನು ಅಚ್ಚುಹಾಕುತ್ತಿದ್ದವರೂ ಆ ಮುದ್ರಕರೇ. ಅರ್ಧಕ್ಕೆ ನಿಂತ ಕಾದಂಬರಿಯನ್ನು ಮುಗಿಸಿಕೊಡಲು ಅವರು ನನಗೆ ಕಾಗದ ಬರೆದರು.

ಹಸ್ತಪ್ರತಿ ಕಾರಕೂನರ ಹೆಂಡತಿಯ ಬಳಿ ಇತ್ತು. ಚಕ್ಕಡಿಯಲ್ಲಿ ಸವದತ್ತಿಗೆ ಹೋದೆ. ಆಕೆಗೆ ಓದು ಬರುತ್ತಿರಲಿಲ್ಲ. ಬರೆದದ್ದನ್ನೆಲ್ಲ ಗಂಡನೇ ಓದಿ ಹೇಳುತ್ತಿದ್ದರಂತೆ.

“ಕೊಲಿ ಮಾಡಿದವ ಯಾರಂತ ನಿಮಗ ಹೇಳಿದ್ರೇನ್ರಿ?” ಎಂದು ಕೇಳಿದೆ.

“ಎಂದೂ ಹೇಳತಿರಲಿಲ್ರಿ. ನೀನ ಹುಡುಕು ಅಂತಿದ್ರು.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಈಗ ಯಾರನ್ನ ಕೇಳ್ಲಿ?”

ನಾನೇ ಕೊಲೆಗಾರನನ್ನು ಗೊತ್ತುಮಾಡಿ, ಎರಡು ತಿಂಗಳು ಕೂತು ಬರೆದೆ. ಮುದ್ರಕರಿಗೆ ಕಳಿಸುವ ಮೊದಲು ಆಕೆಗೆ ಓದಿ ಹೇಳಲು ಹೋದೆ. ಪತ್ತೇದಾರ ಸತ್ತವನ ಮನೆ ಹೊಕ್ಕ ಕಡೆ ಆಕೆ ಕೈ ಎತ್ತಿದರು.

“ನಿಲ್ಲಸ್ರಿ. ಸಾವಾದ ಮನಿಯೊಳಗ ಅವ ಬೂಟ ಹಾಕ್ಕೊಂಡು ಹೋಗೂದಿಲ್ಲ.”

ಏಳೂ ಪುಸ್ತಕ ಓದಿದ್ದ ನನಗೆ ಅದು ಕಂಡಿರಲಿಲ್ಲ. ಅಲ್ಲೇ ತಿದ್ದಿದೆ. ಓದಿ ಮುಗಿಸಿದಾಗ ಆಕೆ ಹೇಳಿದರು:

“ಚಲೋ ಬರದೀರಿ. ಆದ್ರ ಇದು ಅವರ ದನಿ ಅಲ್ರಿ. ಅವರು ಬರದದ್ದು ಎಲ್ಲಿಗೆ ಮುಗೀತೋ ಅಲ್ಲಿ ಒಂದು ಗೆರಿ ಹಾಕಸ್ರಿ.”

ಗೆರೆ ಕಂಡರೆ ಓದುಗರು ಪುಸ್ತಕ ಕೆಳಗಿಡುತ್ತಾರೆ ಎಂದು ಮುದ್ರಕರು ಒಪ್ಪಲಿಲ್ಲ. ಗೆರೆ ಇಲ್ಲದಿದ್ದರೆ ನನ್ನ ಹಾಳೆಗಳನ್ನು ಹಿಂದಕ್ಕೆ ಕೊಡಿ ಎಂದೆ. ಕೊನೆಗೆ ಹಾಕಿದರು.

ಮರುವರ್ಷ ರಾಮದುರ್ಗದಲ್ಲಿ ಒಬ್ಬ ಅರಿವೆ ವ್ಯಾಪಾರಿ ಸಿಕ್ಕ. ಆ ಮಾಲೆಯನ್ನೆಲ್ಲ ಓದಿದವನು. ಎಂಟನೆಯದು ಹೇಗಿದೆ ಎಂದು ಕೇಳಿದೆ. ಅದನ್ನು ಮುಗಿಸಿದವನು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ.

“ಆ ಗೆರಿ ತನಕ ಓದೇನ್ರಿ,” ಎಂದ. “ಮುಂದ ಹೋಗಾಕ ಮನಸ ಬರಲಿಲ್ಲ.”

ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಅವನ ಮೇಲೆ ಸಿಟ್ಟು ಬರಲಿಲ್ಲ.

ಆಮೇಲೆ ನನ್ನ ಹೆಸರಿನಲ್ಲೇ ಇನ್ನೆರಡು ಕಾದಂಬರಿ ಬರೆದೆ. ಎರಡನ್ನೂ ಮೊದಲು ಕೇಳಿದವರು ಸವದತ್ತಿಯ ಆ ತಾಯಿ. ಮೂರನೆಯದರ ನಾಲ್ಕು ಅಧ್ಯಾಯ ಆಗಿದ್ದಾಗ ಆಕೆ ತೀರಿಕೊಂಡ ಸುದ್ದಿ ಬಂತು. ಅದನ್ನು ಮುಂದುವರಿಸಲು ನನ್ನಿಂದ ಆಗಲಿಲ್ಲ. ಮುದ್ರಕರಿಗೆ ಹಾಗೆಂದೇ ಬರೆದೆ.