ಕರೆಂಟು ಹೋದ ಮೇಲಿನ ಹತ್ತು ನಿಮಿಷ

ತೆಂಗಿನಕಾಯಿಯನ್ನು ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡೇ ಸಲ ಅಲ್ಲಾಡಿಸುತ್ತಿದ್ದರು. ಒಳಗೆ ಒಣಗಿದ ಕೊಬ್ಬರಿ ಲೊಟಲೊಟ ಅಂದರೆ ಅಟ್ಟದಿಂದ ಕೆಳಗೆ, ಇಲ್ಲದಿದ್ದರೆ ಮತ್ತೆ ಮೂಲೆಗೆ. ದಂಡಿನಶಿವರದ ನಮ್ಮ ಮನೆಗೆ ತೋಟದ ಕೆಲಸಕ್ಕೂ ಕೊಬ್ಬರಿ ಸುಲಿಯಲೂ ಬರುತ್ತಿದ್ದ ಅವರನ್ನು ನಾವೆಲ್ಲ ಮಾವ ಅನ್ನುತ್ತಿದ್ದೆವು. ಆ ಕಿವಿ ಒಂದು ಸಲವೂ ತಪ್ಪಲಿಲ್ಲ. ಬಾಯಿಯ ವಿಷಯ ಬೇರೆ.

ನಾನು ಹುಡುಗನಾಗಿದ್ದಾಗ ಟಿವಿಯಲ್ಲಿ ವಾರಕ್ಕೊಂದು ಪೊಲೀಸ್ ಧಾರಾವಾಹಿ ಬರುತ್ತಿತ್ತು. ದಪ್ಪ ಮೀಸೆಯ ಇನ್ಸ್‌ಪೆಕ್ಟರ್, ಕಿರುಗುಟ್ಟುವ ಜೀಪು. ಆತ ಎಲ್ಲರನ್ನೂ ಕೂರಿಸಿ ಕೊಲೆಗಾರನ ಕಡೆ ಬೆರಳು ತೋರಿಸುವಷ್ಟರಲ್ಲಿ ನಮ್ಮ ಬೀದಿಯ ಕರೆಂಟು ಹೋಗುತ್ತಿತ್ತು. ಪ್ರತಿ ವಾರವೂ! ಮಾವನ ಕೇರಿಗೆ ಬೇರೆ ಲೈನು, ಆ ಕೊನೆಯ ಹತ್ತು ನಿಮಿಷ ಅವರು ನೋಡಿರುತ್ತಿದ್ದರು. ಹಾಗಾಗಿ ಕೊಲೆಗಾರ ಯಾರೆಂದು ಕೇಳಲು ಮರುದಿನ ನಾನು ಅಟ್ಟದ ಏಣಿಯ ಬುಡದಲ್ಲಿ ಕಾಯಬೇಕು. ಅವರೋ, ಎಲೆಅಡಿಕೆ ಅಗಿದು ಮುಗಿಸುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಮನೆ ಯಜಮಾನನೇ ಕೊಲೆಗಾರ, ಒಮ್ಮೆ ಡಾಕ್ಟರು, ಬಹಳ ಸಲ ಯಜಮಾನನ ತಮ್ಮ.

ಹೋದ ವರ್ಷ ಆ ಧಾರಾವಾಹಿಯೆಲ್ಲ ಮೊಬೈಲಿನಲ್ಲಿ ಸಿಕ್ಕಿತು. ಜೀಪಿನ ಸದ್ದು ಕೇಳಿಯೇ ಕಣ್ಣು ತುಂಬಿತು. ಹೆಂಡತಿಯನ್ನು ಪಕ್ಕ ಕೂರಿಸಿಕೊಂಡು, ಕೊಲೆಗಾರ ಯಜಮಾನನ ತಮ್ಮ ಅಂತ ಮೊದಲೇ ಜಂಬ ಕೊಚ್ಚಿದೆ. ಬೇಡಿ ಬಿದ್ದದ್ದು ಅಡುಗೆಯವನಿಗೆ. ಮುಂದಿನ ಕಂತಿನಲ್ಲಿ ಮಾಲಿಗೆ, ಅದರ ಮುಂದಿನದರಲ್ಲಿ ಡ್ರೈವರಿಗೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ವರ್ಷ ಮಾವ ನನ್ನನ್ನು ಮಂಗ ಮಾಡಿದ್ದರು.

ಮೊಬೈಲು ಹಿಡಿದುಕೊಂಡೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದ ಮಾವ ಅದರ ಕಡೆ ನೋಡಲೂ ಇಲ್ಲ.

"ಗೊತ್ತು ಕಣಪ್ಪ. ವಾರವಾರ ಆಳೇ ಕೊಲೆಗಾರ ಅಂತ ನಿಂಗೆ ಹೇಳ್ಬುಟ್ಟು, ಆಮೇಲೆ ನಿಮ್ಮನೆ ಅಟ್ಟ ಹೆಂಗೆ ಹತ್ಲಿ ನಾನು?"

ನನ್ನ ಸಿಟ್ಟು ಇಳಿಯಲಿಲ್ಲ. ಹೆಂಡತಿಯ ಮುಂದೆ ನನ್ನ ಮಾನ ಹೋಯಿತಲ್ಲ ಅಂತ ಗೊಣಗಿಕೊಂಡೇ ಬಂದೆ. ಎರಡು ತಿಂಗಳಿಗೆ ಅವರು ತೀರಿಕೊಂಡರು.

ಈ ಸಲ ಕೊಬ್ಬರಿ ಸುಲಿಯಲು ಹೊಸಬ ಬಂದ. ಅಟ್ಟದಲ್ಲಿ ಎರಡು ಮೂಟೆಯಷ್ಟು ಕಾಯಿ ಕಮ್ಮಿ ಇತ್ತು. ಅವನನ್ನು ಗದರಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡು ಒಳಗೆ ಹೋಗಿ ಮೊದಲು ಮನೆಯವರನ್ನೇ ವಿಚಾರಿಸಿದೆ. ನನ್ನ ತಮ್ಮ ತಲೆ ತಗ್ಗಿಸಿದ. ಯಾರಿಗೂ ಹೇಳದೆ ಮಾರಿಕೊಂಡಿದ್ದ.

ಯಜಮಾನನ ತಮ್ಮ! ಮಾವ ಹೇಳಿದ್ದು ಕಡೆಗೂ ಒಂದು ಸಲ ಸರಿಯಾಯಿತು. ಹೋಗಿ ಹೇಳೋಣವೆಂದರೆ ಆ ಮನುಷ್ಯ ಇಲ್ಲ.