ಅಜ್ಜಿಯ ಬೆನ್ನಿನ ಅರಿಸಿನ

ಮಲಾಡಿನ ಆ ಅಂಗಡಿಯಲ್ಲಿ ‘ಇದು ನಾನು ಮಾಡಿದ್ದು’ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕೇಳಿದವರಿಗೆ ‘ಗೊತ್ತಿಲ್ಲ’ ಎಂದೆ. ಅಷ್ಟಕ್ಕೆ ನನ್ನ ತಮ್ಮ ಎಲ್ಲರ ಎದುರು ಮೋಸಗಾರನಾದ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಮುಂಬಯಿಯ ಕಾಂದಿವಲಿಯಲ್ಲಿ ಶರ್ಟಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕಡೆಯ ದಾರ ಕತ್ತರಿಸುವುದು ನನ್ನ ಕೆಲಸ. ಅಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ, ಗಾರೆ ಕೆಲಸದವನು. ತಮ್ಮ ಕಾಲೇಜಿಗೆ ಹೋಗುತ್ತಾನೆ. ಅವನಿಗೆ ಈ ಕಾರ್ಡಿನ ಆಟದ ಹುಚ್ಚು ಹತ್ತಿದಾಗ ಚಾಳಿನಲ್ಲಿ ಆಡಲು ಜೊತೆ ಯಾರೂ ಇರಲಿಲ್ಲ. ನನ್ನನ್ನೇ ಎದುರಿಗೆ ಕೂರಿಸಿಕೊಂಡ. ಕಾರ್ಡಿನ ಮೇಲಿನ ಇಂಗ್ಲಿಷ್ ನನಗೆ ಓದಲು ಬರದು. ಅವನು ಒಮ್ಮೆ ಓದಿ ಹೇಳುತ್ತಿದ್ದ, ನಾನು ಚಿತ್ರ ನೋಡಿ ನೆನಪಿಟ್ಟುಕೊಳ್ಳುತ್ತಿದ್ದೆ.

“ಇಸ್ಪೀಟ್ ಆಡಿ ಮನಿ ಕಳಕೊಂಡೋರನ್ನ ಕಂಡಿಲ್ಲೇನ ನೀವು?” ಎಂದು ಅವ್ವ ಒಲೆಯ ಮುಂದಿನಿಂದ ಬೈಯುತ್ತಿದ್ದಳು.

“ಇದು ಇಸ್ಪೀಟ್ ಅಲ್ಲ ಅವ್ವಾ. ಇದರಾಗ ತಲಿ ಬೇಕು.”

“ಹಂಗಾರ ನೀ ಹೆಂಗ ಆಡ್ತಿ?”

ಈ ಆಟದಲ್ಲಿ ಯಾವ ಕಾರ್ಡುಗಳನ್ನು ಕೂಡಿಸಿ ಕಟ್ಟು ಮಾಡಬೇಕೆಂಬುದು ಆಡುವವನಿಗೇ ಬಿಟ್ಟದ್ದು. ಆ ಕಟ್ಟಿಗೆ ಡೆಕ್ ಎನ್ನುತ್ತಾರೆ. ಉಳಿದ ಹುಡುಗರು ರಾಜ, ರಾಕ್ಷಸ, ಬೆಂಕಿ ಎಂದು ಬಲವಾದದ್ದನ್ನೆಲ್ಲ ಒಟ್ಟು ಮಾಡಿ ಮೊದಲ ಏಟಿಗೇ ಹೊಡೆಯಲು ನೋಡುತ್ತಿದ್ದರು. ನಮ್ಮದು ಹಾಗಲ್ಲ. ಆಟದಲ್ಲಿ ಸತ್ತ ಕಾರ್ಡುಗಳು ಪಕ್ಕದ ಗುಡ್ಡೆಗೆ ಹೋಗುತ್ತವೆ. ನಾವು ಬೇಕೆಂದೇ ನಮ್ಮ ಕಾರ್ಡುಗಳನ್ನು ಆ ಗುಡ್ಡೆಗೆ ಎಸೆದು, ಸೋತವರಂತೆ ಕೂತು, ಆಮೇಲೆ ಒಂದೊಂದನ್ನೇ ಮೇಲೆಬ್ಬಿಸುತ್ತಿದ್ದೆವು. ಸತ್ತವನ್ನು ಹಾಗೆ ಎಬ್ಬಿಸುವ ಕಾರ್ಡಿನ ಮೇಲೆ ಲಾಟೀನು ಹಿಡಿದ ಮುದುಕಿಯ ಚಿತ್ರ. ನಮ್ಮ ಬಾಯಲ್ಲಿ ಅವಳು ಅಜ್ಜಿ. ಡೆಕ್ಕಿನಲ್ಲಿ ನಾಲ್ಕು ಅಜ್ಜಿಯರಿಗಷ್ಟೇ ಅವಕಾಶ. ಕೊನೆಯ ಅಜ್ಜಿಗಾಗಿ ತಮ್ಮ ತನ್ನ ಹೊಳೆಯುವ ಡ್ರ್ಯಾಗನ್ ಕಾರ್ಡನ್ನು ಅದಲು ಬದಲು ಮಾಡಿಕೊಂಡು ಬಂದಿದ್ದ. ಮಿಕ್ಕವೆಲ್ಲ ಬೇರೆ ಹುಡುಗರು ಬೇಡವೆಂದು, ಈ ಕಾರ್ಡು ಮಾರುವ ಮಲಾಡಿನ ಅಂಗಡಿಯ ಡಬ್ಬಿಗೆ ಎಸೆದು ಹೋಗಿದ್ದ ಕಾರ್ಡುಗಳು. ಅವುಗಳಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಹಾಸಿಗೆಯ ಮೇಲೆ ಹರವಿಕೊಂಡು ಇಬ್ಬರೂ ಜಗಳಾಡುತ್ತಿದ್ದೆವು.

“ಈ ಕಪ್ಪಿ ಯಾಕೋ? ಏನೂ ಮಾಡಂಗಿಲ್ಲ ಅದು.”

“ಸಾಯ್ತದಲ್ಲ, ಅದ ಅದರ ಕೆಲಸ ಅಕ್ಕಾ.”

ಕಪ್ಪೆ ಉಳಿಯಿತು. ಅದರಿಂದಲೇ ನನ್ನನ್ನು ಎಷ್ಟೋ ಸಲ ಸೋಲಿಸಿದ.

ದಸರೆಗೆ ನಮ್ಮಲ್ಲಿ ಖಂಡೆ ಪೂಜೆ. ದುಡಿಯುವ ಸಾಮಾನನ್ನೆಲ್ಲ ತೊಳೆದು ಮಣೆಯ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚುತ್ತೇವೆ. ಅಪ್ಪನ ಗಾರೆ ಬಳಿಯುವ ಕರಣಿ, ಅವ್ವನ ಈಳಿಗೆ, ನನ್ನ ಕತ್ತರಿ. ಹೋದ ವರ್ಷ ಪೂಜೆಯ ಹೊತ್ತಿಗೆ ತಮ್ಮ ಮನೆಯಲ್ಲಿರಲಿಲ್ಲ. ಮುಂದಿನ ಭಾನುವಾರ ಮಲಾಡಿನ ಆ ಅಂಗಡಿಯಲ್ಲಿ ಅವನ ಮೊದಲ ದೊಡ್ಡ ಪಂದ್ಯವಿತ್ತು. ಅವನ ಖಂಡೆ ಇದೇ ಅಲ್ಲವೇ ಎಂದು ಡೆಕ್ಕಿನ ಡಬ್ಬಿ ತೆರೆದು ನಾಲ್ವರು ಅಜ್ಜಿಯರನ್ನು ಮಣೆಯ ಮೇಲಿಟ್ಟೆ. ಮುಖಕ್ಕೆ ಹಚ್ಚಿದರೆ ಚಿತ್ರ ಕೆಡುತ್ತದೆಂದು ಬೋರಲು ಹಾಕಿ ಬೆನ್ನಿಗೆ ಹಚ್ಚಿದೆ. ಜಾಣತನ ಮಾಡಿದೆನೆಂದೇ ಅಂದುಕೊಂಡಿದ್ದೆ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿ ಡಬ್ಬಿಯಲ್ಲಿಟ್ಟೆ. ಪ್ರತಿ ಕಾರ್ಡಿಗೂ ಬಿಳಿ ಬೆನ್ನಿನ ಪ್ಲಾಸ್ಟಿಕ್ ಕವರ್ ಇತ್ತು. ಕುಂಕುಮ ಹೋಯಿತು. ಅರಿಸಿನ ಹೋಗಿಲ್ಲವೆಂಬುದು ನಮ್ಮ ಮನೆಯ ಹಳದಿ ಬಲ್ಬಿನ ಕೆಳಗೆ ಕಾಣಲಿಲ್ಲ.

ಅಂಗಡಿಯಲ್ಲಿ ಟ್ಯೂಬ್‌ಲೈಟಿತ್ತು.

ಪಂದ್ಯದ ದಿನ ನಾನೂ ಹೋಗಿದ್ದೆ. “ಇವರು ನನ್ನ ಅಕ್ಕ, ಇವರ ಜೊತೆ ಆಡಿಯೇ ನಾನು ಕಲಿತದ್ದು” ಎಂದು ತಮ್ಮ ಹಿಂದಿಯಲ್ಲಿ ಎಲ್ಲರಿಗೂ ಪರಿಚಯ ಮಾಡಿಕೊಟ್ಟ. ಹುಡುಗರು “ನಮಸ್ತೆ ದೀದಿ” ಎಂದರು. ಕಾಲೇಜಿನ ಹುಡುಗ ಹುಡುಗಿಯರ ನಡುವೆ ಹಾಗೆ ಯಾರೂ ನನಗೆ ಮರ್ಯಾದೆ ಕೊಟ್ಟಿರಲಿಲ್ಲ. ಅವನ ಕುರ್ಚಿಯ ಹಿಂದೆ ಟಿಫಿನ್ ಚೀಲ ಹಿಡಿದು ಹೆಮ್ಮೆಯಿಂದ ನಿಂತೆ.

ಮೊದಲ ಆಟ ಗೆದ್ದ. ಎರಡನೆಯದರಲ್ಲಿ ಎದುರು ಕೂತವನು ಪವಾಯಿಯಿಂದ ಬಂದ ಹುಡುಗ. ನಡುವೆ ಕೈಯೆತ್ತಿ ಪಂದ್ಯ ನೋಡಿಕೊಳ್ಳುವ ಗಡ್ಡದವನನ್ನು ಕರೆದ. ಗಡ್ಡದವನು ಡೆಕ್ಕನ್ನೆಲ್ಲ ಬೋರಲು ಹರವಿ, ಹಳದಿ ಕಲೆಯಿದ್ದ ನಾಲ್ಕನ್ನು ಬೇರೆ ಇಟ್ಟು ತಿರುವಿದ. ನಾಲ್ಕೂ ಅಜ್ಜಿಯರೇ.

“ಚಾರೋಂ ಸೇಮ್ ಕಾರ್ಡ್ ಹೈ, ಭಾಯಿ.”

ಬೆನ್ನಿಗೆ ಗುರುತಿದ್ದರೆ ಮುಂದೆ ಯಾವ ಕಾರ್ಡು ಬರುತ್ತದೆಂದು ಆಡುವವನಿಗೆ ಮೊದಲೇ ತಿಳಿಯುತ್ತದೆ. ಈ ಆಟದಲ್ಲಿ ಅದಕ್ಕಿಂತ ದೊಡ್ಡ ಕಳ್ಳತನವಿಲ್ಲ. ಅದು ನನಗೂ ಅರ್ಥವಾಯಿತು, ಆಗ.

“ನಾನು ಮಾಡಿಲ್ಲ” ಎಂದ ತಮ್ಮ. ಯಾರೋ ನಕ್ಕರು. ಗಡ್ಡದವನು ತಲೆಯೆತ್ತಿ ನಿಮಗೇನಾದರೂ ಗೊತ್ತೇ ಎಂದು ನನ್ನನ್ನು ಕೇಳಿದ. “ದೀದಿ, ಆಪ್‌ಕೋ ಕುಛ್ ಪತಾ ಹೈ?”

ಕಾರ್ಡಿಗೆ ಪೂಜೆ ಮಾಡಿದೆ ಎಂದು ಆ ಮಕ್ಕಳೆದುರು ಹೇಗೆ ಹೇಳಲಿ? ಹಳ್ಳಿಯ ಗಮಾರಿ ಎಂದು ನಗುತ್ತಾರೆ. ಈಗಷ್ಟೇ ಸಿಕ್ಕ ಮರ್ಯಾದೆ ಹೋಗುತ್ತದೆ. ನಿಜ ಹೇಳಬೇಕೆಂದರೆ, ಅಷ್ಟೇ ಯೋಚಿಸಿದೆ. ತಮ್ಮನ ಮರ್ಯಾದೆ ತಲೆಗೇ ಬರಲಿಲ್ಲ.

“ನಹೀಂ ಮಾಲೂಮ್” ಎಂದೆ.

ಅವನನ್ನು ಪಂದ್ಯದಿಂದ ಹೊರಗೆ ಹಾಕಿದರು. ಮನೆಗೆ ಲೋಕಲ್ ರೈಲಿನಲ್ಲಿ ಒಂದೇ ಸ್ಟೇಷನ್ನಿನ ದಾರಿ. ಬಾಗಿಲ ಬಳಿ ನಿಂತು ತಮ್ಮ ಒಂದು ಅಜ್ಜಿಯನ್ನು ತೆಗೆದು ಬೆನ್ನನ್ನು ಮೂಗಿಗೆ ಹಿಡಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಹೊರಗೆ ನೋಡಿದೆ. ಕಾಂದಿವಲಿ ಬಂತು.

ಅವನು ಏನೂ ಕೇಳಲಿಲ್ಲ. ಅಂಗಡಿಗೆ ಮತ್ತೆ ಹೋಗಲೂ ಇಲ್ಲ. ಡಬ್ಬಿ ಕಪಾಟಿನ ಮೇಲೆ ಸೇರಿತು. “ಬಿಟ್ಟನಲ್ಲ, ಛಲೋ ಆತು” ಎಂದು ಅವ್ವ ಸಮಾಧಾನಪಟ್ಟಳು. ನಾನು ರೊಟ್ಟಿ ತಿಂದೆ. ಒಮ್ಮೆ “ಆಡೂಣೇನೋ?” ಎಂದದ್ದಕ್ಕೆ “ಅಭ್ಯಾಸ ಮಾಡೂದು ಅದ ಅಕ್ಕಾ” ಎಂದ. ಪುಸ್ತಕ ಅವನ ಕೈಯಲ್ಲಿರಲಿಲ್ಲ.

ಈ ಸಲದ ಖಂಡೆ ಪೂಜೆಗೆ ಅಪ್ಪ ಮಣೆಯ ಮೇಲೆ ಕರಣಿ ಇಡುತ್ತ, “ನಿಂದೇನರ ಇಡೋ” ಎಂದ.

“ನಂದೇನಿಲ್ಲಪ್ಪಾ” ಎಂದ ತಮ್ಮ. ಮೆತ್ತಗೆ ಹೇಳಿದ. ನನ್ನ ಕೈಯಲ್ಲಿ ಅರಿಸಿನದ ಬಟ್ಟಲಿತ್ತು.

ಮರುದಿನವೇ ರಜೆಯಿತ್ತು. ಕಪಾಟಿನ ಮೇಲಿಂದ ಡಬ್ಬಿ ಇಳಿಸಿದೆ. “ನಡಿ, ಮಲಾಡಿಗೆ ಹೋಗೂಣು.”

“ಬ್ಯಾಡ ಅಕ್ಕಾ. ಆಗಿದ್ದು ಆತು.”

“ನೀ ಬರದಿದ್ರ ನಾ ಒಬ್ಬಾಕಿನ ಹೋಗ್ತೀನಿ.” ಬಂದ.

ಗಡ್ಡದವನು ಅಲ್ಲೇ ಇದ್ದ. ಹುಡುಗರು ಆಡುತ್ತಿದ್ದರು. ನಾಲ್ವರು ಅಜ್ಜಿಯರನ್ನು ಮೇಜಿನ ಮೇಲೆ ಬೋರಲು ಹಾಕಿ, ನನಗೆ ಬರುವ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಪೂಜೆ ಎಂದಾಗ ಒಬ್ಬ ಕಿಸಕ್ಕೆಂದ. ನಗಲಿ ಎಂದು ಮುಂದುವರಿಸಿದೆ. ಗಡ್ಡದವನು ನಗಲಿಲ್ಲ. “ದೀದಿ, ಉಸೀ ದಿನ್ ಬೋಲ್ ದೇತೀ ತೋ ಕವರ್ ಬದಲ್ ಕೇ ಖೇಲ್ ಲೇತಾ” ಎಂದ. ಅಂದೇ ಹೇಳಿದ್ದರೆ ಕವರ್ ಬದಲಿಸಿ ಆಡುತ್ತಿದ್ದನಂತೆ. ಅಷ್ಟು ಸಣ್ಣ ಕೆಲಸವಿತ್ತು.

ತಮ್ಮ ಬಾಗಿಲಲ್ಲೇ ನಿಂತಿದ್ದ. ನಾನು ಅವನ ಕಡೆ ತಿರುಗಿದೆ. ಮನೆಯಲ್ಲಿ ಹೇಳಿದರೆ ಸಾಲದು, ಇವರೆಲ್ಲರ ಎದುರಿಗೇ ಹೇಳಬೇಕಿತ್ತು.

“ತಮ್ಮಾ, ಅರಿಷಿಣ ಹಚ್ಚಿದ್ದು ತಿಳೀಲಾರದ. ಆದ್ರ ಗೊತ್ತಿಲ್ಲ ಅಂದಿದ್ದು ತಿಳದ ಅಂದೆ. ನನ್ನ ಮಾನ ಉಳಿಸ್ಕೊಳ್ಳಾಕ ನಿನ್ನ ಕಳ್ಳನ್ನ ಮಾಡಿದೆ. ನಂದು ತಪ್ಪಾತೋ, ನನ್ನ ಕ್ಷಮಿಸು.”